ಅತ್ತೆ ಮನೆಗೊಂದು ಒಳದಾರಿ

"ಎಂತಕ್ಕೆ ಓಡದಾ? ಯಾರಾದ್ರೂ ಅಟ್ಟಿಸ್ಕಂಡು ಬರ್ತಾರಾ?"

ಬೆಂಗಳೂರಲ್ಲಿ ಬೆಳಗ್ಗೆ ಎದ್ದು ಹತ್ತು ಕಿಲೋಮೀಟರ್ ಓಡ್ತೀನಿ ಅಂದಾಗ ದೊಡ್ಡಪ್ಪ ಕೇಳಿದ ಪ್ರಶ್ನೆ ಇದು. ಆರೋಗ್ಯ, ತೂಕ, ಇಡೀ ದಿನ ಕೂತೇ ಮಾಡುವ ಕೆಲಸ ಅಂತೆಲ್ಲ ಉತ್ತರ ಕೊಡೋಕೆ ಹೊರಟೆ. ಹೇಳ್ತಾ ಹೇಳ್ತಾ ನನಗೇ ನಗು ಬಂತು. ಎಪ್ಪತ್ತು ದಾಟಿದ ಮೇಲೂ ದಿನಕ್ಕೆರಡು ಸಲ ತೋಟಕ್ಕೆ ಇಳಿದು ಹತ್ತುವ ಮನುಷ್ಯನಿಗೆ ಇದನ್ನೆಲ್ಲ ವಿವರಿಸೋದು ಹೇಗೆ? :-)

ನಮ್ಮೂರು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮೇಗರವಳ್ಳಿಯ ಆಸುಪಾಸು. ಅತ್ತೆ ಮನೆ ಗುಡ್ಡದ ಆಚೆ. ಟಾರು ರಸ್ತೆಯಲ್ಲಿ ಸುತ್ತಿಕೊಂಡು ಹೋದರೆ 21 ಕಿಲೋಮೀಟರ್, ಒಳದಾರಿಯಲ್ಲಿ ಒಂಬತ್ತೇ. 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಈ ಸೀಮೆಯ ಒಳದಾರಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದರಲ್ಲಿ ಬರುವ ಜನ ಮೇಗರವಳ್ಳಿಯ ಸುತ್ತಮುತ್ತ ಇಂಥ ದಾರಿಗಳಲ್ಲೇ ಹಗಲು ರಾತ್ರಿ ನಡೆದವರು. ನಮ್ಮಪ್ಪನ ಕಾಲದವರೆಗೂ ಮದುವೆಗೆ ಕರೆಯೋಕೆ, ಎಮ್ಮೆ ಹೊಡ್ಕೊಂಡು ಬರೋಕೆ, ಶಾಲೆಗೆ ಹೋಗೋಕೆ ಎಲ್ಲದಕ್ಕೂ ಅದೇ ದಾರಿ. ಮನೆಮನೆಗೆ ಬೈಕು ಬಂದ ಮೇಲೆ ನಡೆಯುವವರು ಕಡಿಮೆಯಾದರು.

ಕಾಡುದಾರಿಯಲ್ಲಿ ಓಡುವ ಹುಚ್ಚು ನನಗೆ ಹತ್ತಿಸಿದ್ದು ಆಫೀಸಿನ ಗೆಳೆಯರು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಲ್ಲಿ 50 ಕಿಲೋಮೀಟರ್ ಓಡಬೇಕು ಅಂತ ಅವರ ತಯಾರಿ. ನಂದಿಬೆಟ್ಟ, ಸಾವನದುರ್ಗ ಅಂತ ಅಲೆಯುತ್ತಿದ್ದವರಿಗೆ "ನಮ್ಮೂರಲ್ಲೇ ಎಂಥಾ ದಾರಿ ಇದೆ ಗೊತ್ತಾ?" ಅಂದುಬಿಟ್ಟೆ. ಅಂದಮೇಲೆ ತೋರಿಸಬೇಕಲ್ಲ.

ದೀಪಾವಳಿಗೆ ಹೋದಾಗ ದೊಡ್ಡಪ್ಪನ ಹತ್ತಿರ ಕೂತು ಇಡೀ ದಾರಿ ಬರೆದುಕೊಂಡೆ. ತೋಟದ ಕೆಳಗಿನ ಸಂಕ ದಾಟಿ ಎಡಕ್ಕೆ. ಹಕ್ಕಲು ಮುಗಿದಲ್ಲಿ ಎರಡು ದಾರಿ, ಮೇಲಿನದು ಹಿಡಿಯಬೇಕು. ಕಾನು ಹೊಕ್ಕ ಮೇಲೆ ಹಳ್ಳ ಬಲಕ್ಕೇ ಇರಬೇಕು, ಎಡಕ್ಕೆ ಬಂತು ಅಂದ್ರೆ ದಾರಿ ತಪ್ಪಿದೆ ಅಂತ. "ಕಾಟಿ ಎದುರಾದ್ರೆ ಮಾತ್ರ ಓಡ್ಬ್ಯಾಡ ಮಾರಾಯ, ನಿಂತ್ಕ. ನೀ ಓಡಕ್ಕೇ ಬಂದೋನು ಅಂತ ಅದಕ್ಕೆಂತ ಗೊತ್ತು" ಅಂತ ಕೊನೆಗೊಂದು ಎಚ್ಚರಿಕೆ.

ಹೊರಟಿದ್ದು ಫೆಬ್ರವರಿಯಲ್ಲಿ. ರಾತ್ರಿ ಬಸ್ಸಿಗೆ ಊರು ತಲುಪಿದಾಗ ದೊಡ್ಡಪ್ಪ ಯಾವುದೋ ಮದುವೆಗೆ ಹೋಗಿದ್ದ. ದೊಡ್ಡಮ್ಮನಿಗೆ "ಓಡಿ ಬರ್ತೀನಿ" ಅಂದೆ. ರಸ್ತೆಯಲ್ಲಿ ಅಂದುಕೊಂಡಳು, ನಾನೂ ಬಿಡಿಸಿ ಹೇಳಲಿಲ್ಲ.

ಎಂಥಾ ದಾರಿ ಅಂತೀರಿ! ಕಾನಿನೊಳಗೆ ಎಂಟು ಗಂಟೆಗೂ ಬಿಸಿಲು ನೆಲಕ್ಕೆ ಬಿದ್ದಿರಲಿಲ್ಲ. ಏರಿನಲ್ಲಿ ಓಡೋಕಾಗದೆ ಮೊಣಕಾಲಿಗೆ ಕೈ ಊರಿ ನಡೆದೆ, ಇಳಿಜಾರಿನಲ್ಲಿ ಸಣ್ಣ ಸಣ್ಣ ಹೆಜ್ಜೆ. ನೆಲದ ತುಂಬ ಒಣಗಿದ ದರಗು, ಅದರಡಿಯಲ್ಲಿ ಬೇರು ಎಲ್ಲಿದೆ ಕಲ್ಲು ಎಲ್ಲಿದೆ ಕಾಣೋದಿಲ್ಲ. ರಸ್ತೆಯಲ್ಲಿ ಓಡುವಾಗ ತಲೆಯಲ್ಲಿ ಆಫೀಸು, ಇಎಂಐ ಎಲ್ಲ ಓಡ್ತಿರುತ್ತೆ. ಇಲ್ಲಿ ಮುಂದಿನ ನಾಲ್ಕು ಅಡಿ ಬಿಟ್ಟರೆ ಬೇರೇನೂ ಇಲ್ಲ. ನೆತ್ತಿ ಹತ್ತಿರ ಬಂದಾಗ ಏನೋ ಕೊಳೆತ ವಾಸನೆ. ಅಲ್ಲೇ ಲೇಸು ಬಿಚ್ಚಿತ್ತು, ದರಗಿನ ಮೇಲೆ ಕೂತು ಕಟ್ಟಿಕೊಂಡೆ. ಮೂಗು ಮುಚ್ಚಿಕೊಂಡು ಮುಂದೆ ಹೋದೆ.

ಅತ್ತೆ ಮನೆ ಅಂಗಳದಲ್ಲಿ ಸಿಗ್ನಲ್ ಸಿಕ್ಕಿದ್ದೇ ತಡ, ನಕ್ಷೆ ಸಮೇತ ಓಟವನ್ನು ಆಪ್‌ಗೆ ಏರಿಸಿದೆ. ಐದೇ ನಿಮಿಷದಲ್ಲಿ ಮೂವರು ಗೆಳೆಯರು "ಮುಂದಿನ ಶನಿವಾರ ನಾವೂ ರೆಡಿ" ಅಂದರು. ಕಾಫಿ ಕುಡೀತಾ ಮಾವನಿಗೆ ಕೊಚ್ಚಿಕೊಳ್ಳುತ್ತಿದ್ದೆ. ಮಾತಿನ ಮಧ್ಯೆ "ನೆತ್ತಿ ಹತ್ರ ಏನೋ ಸತ್ತು ನಾರ್ತಿತ್ತು" ಅಂದೆ.

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಎಲ್ಲಿ ಸರಿಯಾಗಿ ಹೇಳು. ನೀ ಎಲ್ಲಿ ಕೂತಿದ್ದೆ?"

ಮುಂದಿನ ಅರ್ಧ ಗಂಟೆ ನನಗೆ ಮಾತಾಡಲು ಅವಕಾಶವೇ ಸಿಗಲಿಲ್ಲ. ಹಾಕಿದ ಬಟ್ಟೆಯೆಲ್ಲ ಬಕೆಟ್ಟಿಗೆ, ಅದರ ಮೇಲೆ ಹಂಡೆಯ ಕುದಿಯುವ ನೀರು. ನನಗೆ ಬಚ್ಚಲಲ್ಲಿ ಸೋಪು ಹಚ್ಚಿ ತಿಕ್ಕುವ ಸ್ನಾನ. ಮಾವ ಟಾರ್ಚು ಹಿಡಿದು ಕಂಕುಳು, ಕಿವಿಯ ಹಿಂದೆ, ಮಂಡಿಯ ಹಿಂದೆ ಎಲ್ಲ ಹುಡುಕಿದರು. ಎಡಮಂಡಿಯ ಹಿಂದೆ ಎರಡು ಉಣುಗು ಕಚ್ಚಿಕೊಂಡಿದ್ದವು. ಎಳ್ಳಿಗಿಂತ ಚಿಕ್ಕವು.

ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾಗಿ, ಆ ಊರಿನ ಹೆಸರನ್ನೇ ಹೊತ್ತ ಜ್ವರ. ಮಲೆನಾಡಿನಲ್ಲಿ ಹುಟ್ಟಿದ ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 2019ರಲ್ಲಿ ಸಾಗರದ ಅರಳಗೋಡಿನ ಸುತ್ತ ಜನ ಸತ್ತಾಗ ಬೆಂಗಳೂರಲ್ಲಿ ಕೂತು ಪೇಪರ್ ಓದಿ ಮರುಗಿದವನು ನಾನು. ಆದರೆ ಶೂ ಕಟ್ಟುವಾಗ ಅದು ನೆನಪಿಗೆ ಬರಲಿಲ್ಲ. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಉದುರಿ ಸುತ್ತಲಿನ ದರಗಿಗೆ ಸೇರಿಕೊಳ್ಳುತ್ತವೆ. ಅಂಥ ಜಾಗವೇ ಎಲ್ಲಕ್ಕಿಂತ ಅಪಾಯ. ನಾನು ಕೂತು ಲೇಸು ಕಟ್ಟಿಕೊಂಡಿದ್ದು ಅಲ್ಲಿ.

ಮಾವ ಊರಿನ ಆಶಾ ಕಾರ್ಯಕರ್ತೆಗೂ ಫಾರೆಸ್ಟ್ ಗಾರ್ಡಿಗೂ ಫೋನ್ ಮಾಡಿದರು. ಮಾರನೇ ದಿನ ಹೋಗಿ ನೋಡಿದವರಿಗೆ ಸತ್ತ ಮುಸ್ಯ ಸಿಕ್ಕಿತು. ಸುತ್ತ ಮೆಲಾಥಿಯಾನ್ ಪುಡಿ ಹಾಕಿ, ಅದನ್ನು ಸುಟ್ಟರಂತೆ. ನಾನು ಗೆಳೆಯರಿಗೆ ಫೋನ್ ಮಾಡಿ ಬರಬೇಡಿ ಅಂದೆ. ಆಪ್‌ನಿಂದ ಆ ನಕ್ಷೆ ತೆಗೆದೆ. ಅಷ್ಟರಲ್ಲಿ ಒಬ್ಬ ಬಸ್ ಟಿಕೆಟ್ ಬುಕ್ ಮಾಡಿಯಾಗಿತ್ತು.

ಉಣುಗು ಕಚ್ಚಿ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸಿಕೊಳ್ಳಬಹುದು ಅಂತ ಡಾಕ್ಟರು ಹೇಳಿದ್ದರು. ಇದಕ್ಕೆಂದೇ ಇರುವ ಔಷಧಿ ಇಲ್ಲ, ಜ್ವರ ಬಂದರೆ ತಡಮಾಡದೆ ಬಾ ಅಂದಿದ್ದರು. ಬೆಂಗಳೂರಿಗೆ ಬಂದು ದಿನ ಎಣಿಸತೊಡಗಿದೆ. ಬೆಳಗ್ಗೆ, ರಾತ್ರಿ ಥರ್ಮಾಮೀಟರು. ಐದನೇ ದಿನ ಮಧ್ಯಾಹ್ನ ತಲೆನೋವು ಶುರುವಾದಾಗ ಆಫೀಸಿನ ಬಾತ್‌ರೂಮಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಸಾಯುವ ಹೆದರಿಕೆಗಿಂತ ಹೆಚ್ಚಾಗಿ, ಗೆಳೆಯರು ಒಂದು ವಾರ ಮೊದಲೇ ಬಂದಿದ್ದರೆ ಅನ್ನೋದು ತಲೆಯಿಂದ ಹೋಗುತ್ತಲೇ ಇರಲಿಲ್ಲ. ನನ್ನ ನೀಲಿ ಗೆರೆ ನೋಡಿಕೊಂಡು, ಅದೇ ಜಾಗದಲ್ಲಿ ನೀರು ಕುಡಿಯೋಕೆ ಕೂತಿದ್ದರೆ? ಆ ಗೆರೆಯಲ್ಲಿ ಏರು, ಇಳಿತ, ನಿಮಿಷ ಎಲ್ಲ ಇತ್ತು. ವಾಸನೆ ಇರಲಿಲ್ಲ.

ಜ್ವರ ಬರಲಿಲ್ಲ. ಒಂಬತ್ತನೇ ದಿನ ದೊಡ್ಡಪ್ಪನೇ ಫೋನ್ ಮಾಡಿದ. ಬೈಯುತ್ತಾನೆ ಅಂದುಕೊಂಡಿದ್ದೆ.

"ಅಲ್ದಾ, ದಾರಿ ಅಷ್ಟೆಲ್ಲ ಕೇಳಿ ಬರ್ಕಂಡೆ. ಯಾವ ಕಾಲದಲ್ಲಿ ಹೋಗ್ಬೇಕು ಅಂತ ಕೇಳ್ಲೇ ಇಲ್ವಲ್ಲ" ಅಂದ. ಅಷ್ಟೇ.

ಊರಿನವರ ದಾರಿಗೆ ಒಂದು ಪಂಚಾಂಗ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಂಬಳ, ಹಾವಸೆ, ಕೊಚ್ಚಿಹೋದ ಸಂಕ. ಡಿಸೆಂಬರ್ ಕಳೆದು ದರಗು ಒಣಗಿದ ಮೇಲೆ ಮಳೆ ಬೀಳುವವರೆಗೆ ಉಣುಗಿನ ಕಾಲ. ಆಗ ಕಾಡಿಗೆ ಹೋಗಲೇಬೇಕಾದವರೂ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡು ಹೋಗುತ್ತಾರೆ. ನಾನು ಚಡ್ಡಿ ಹಾಕಿಕೊಂಡು ಓಡಿದ್ದೆ! ನಡುವೆ ಉಳಿಯೋದು ಮಳೆ ಬಿಟ್ಟು ಗದ್ದೆ ಹಣ್ಣಾಗುವ ಆ ಕೆಲವು ವಾರ. ಕುದುರೆಮುಖ, ನರಸಿಂಹ ಪರ್ವತಕ್ಕೆಲ್ಲ ಈಗ ಅರಣ್ಯ ಇಲಾಖೆಯ ಅನುಮತಿ, ಆನ್‌ಲೈನ್ ಬುಕಿಂಗ್ ಇದೆ. ಊರಿನ ಒಳದಾರಿಗೆ ಅಂಥದ್ದೇನೂ ಇಲ್ಲ. ಇರೋದು ದೊಡ್ಡಪ್ಪ, ಅತ್ತೆ, ಮಾವ.

ನವೆಂಬರ್ ಮೊದಲ ವಾರ ಆ ಮೂವರು ಗೆಳೆಯರನ್ನೂ ಕರೆದುಕೊಂಡು ಹೋದೆ. ಹಿಂದಿನ ದಿನವೇ ಅತ್ತೆ ಮನೆಗೆ ಫೋನ್ ಮಾಡಿ, ಆ ಕಡೆ ಮಂಗ ಸತ್ತ ಸುದ್ದಿ ಇದೆಯಾ ಅಂತ ಕೇಳಿದೆ. ಉದ್ದ ಪ್ಯಾಂಟು, ಉದ್ದ ಸಾಕ್ಸು. ಹಕ್ಕಲಿನವರೆಗೆ ದೊಡ್ಡಪ್ಪನೂ ಕತ್ತಿ ಹಿಡಿದು ಬಂದ, ದಾರಿಗೆ ಬಾಗಿದ ಮುಳ್ಳು ಸವರುತ್ತಾ. ನಾವು ಅವನ ಹಿಂದೆ ನಡೆದೇ ಹೋದೆವು. ಓಡೋಕೆ ಮನಸ್ಸು ಬರಲಿಲ್ಲ.

ನಕ್ಷೆ ಮಾತ್ರ ಎಲ್ಲೂ ಹಾಕಿಲ್ಲ, ಇಲ್ಲೂ ಹಾಕೋದಿಲ್ಲ. ಬೇಜಾರಾಗಬೇಡಿ. ನಿಜವಾಗಿಯೂ ಹೋಗಬೇಕು ಅನ್ನಿಸಿದವರು ಕೇಳಿ, ದೊಡ್ಡಪ್ಪನ ಹತ್ತಿರ ಕರೆದುಕೊಂಡು ಹೋಗ್ತೀನಿ. ಯಾಕೆ ಓಡ್ತೀರಿ ಅನ್ನೋದಕ್ಕೆ ಒಂದು ಉತ್ತರ ಮಾತ್ರ ರೆಡಿ ಮಾಡಿಕೊಂಡು ಬನ್ನಿ. ನನ್ನ ಹತ್ರ ಇನ್ನೂ ಇಲ್ಲ.. :-)