ಬನಶಂಕರಿಯ ಶುಕ್ರವಾರ

ಬಾದಾಮಿಯಿಂದ ಮೂರು ಮೈಲು ನಡೆದರೆ ಚೊಳಚಗುಡ್ಡದ ಸೀಮೆ. ಅಲ್ಲಿಯೇ ಶ್ರೀ ಬನಶಂಕರಿಯ ಸನ್ನಿಧಿ. ಪುರಾಣದವರು ಇದನ್ನು ತಿಲಕಾರಣ್ಯವೆಂದರು. ಈಗ ಅರಣ್ಯವು ಹೆಸರಿಗೆ ಮಾತ್ರ ಉಳಿದು, ತೆಂಗು, ಬಾಳೆ, ಎಲೆಬಳ್ಳಿಗಳ ತೋಟಗಳು ಅದರ ಸ್ಥಾನವನ್ನು ಪಡೆದಿರುವವು. ಗುಡಿಯ ಮುಂದೆ ಹರಿದ್ರಾತೀರ್ಥವೆಂಬ ಚೌಕ ಹೊಂಡ. ಅದರ ದಂಡೆಗೆ ಕಲ್ಲಿನ ಸಾಲುಮಂಟಪ. ಒಳಗೆ ಕರಿಶಿಲೆಯ ದೇವಿ ಎಂಟು ಕೈಗಳಿಂದ ಸಿಂಹದ ಮೇಲೆ ಕುಳಿತಿರುವಳು. ಚಾಲುಕ್ಯರ ಕಾಲದಿಂದ ಪೂಜೆಗೊಂಡ ಈ ತಾಯಿಗೆ ಈಗಿನ ಗುಡಿಯನ್ನು 18ನೆಯ ಶತಮಾನದಲ್ಲಿ ಮರಾಠಾ ಸರದಾರನಾದ ಪರಶುರಾಮ ಅಗಳೆಯು ಕಟ್ಟಿಸಿದನು. ದೇವಾಂಗ ನೇಕಾರರಿಗೆ ಇವಳು ಕುಲದೇವಿ. ನೂರು ವರ್ಷ ಮಳೆಯಿಲ್ಲದೆ ಲೋಕವು ಹಸಿದಾಗ ತನ್ನ ಮೈಯಿಂದಲೇ ಕಾಯಿಪಲ್ಲೆಗಳನ್ನು ಹುಟ್ಟಿಸಿ ಕಾಯ್ದಳೆಂದು ದೇವೀಮಾಹಾತ್ಮ್ಯದಲ್ಲಿ ಹೇಳಿರುವ ಶಾಕಂಭರಿಯು ಇವಳೇ. ಆದುದರಿಂದಲೇ ಪುಷ್ಯಮಾಸದ ಜಾತ್ರೆಯಲ್ಲಿ ತೇರಿನ ಹಿಂದಿನ ದಿನ ನೂರೆಂಟು ಬಗೆಯ ಪಲ್ಲೆಗಳ ನೈವೇದ್ಯವಾಗುವದು.

ವಾಚಕರಲ್ಲಿ ಈ ಜಾತ್ರೆಯನ್ನು ಕಂಡವರು ಬಹಳ ಜನರಿರಬಹುದು. ವಾರಗಟ್ಟಲೆ ನಡೆಯುವ ನಾಟಕ ಕಂಪನಿಗಳು, ಬಾಗಿಲು ಚೌಕಟ್ಟುಗಳ ಸಾಲು, ಬಳೆಯಂಗಡಿ, ಧೂಳು, ಇವುಗಳ ವರ್ಣನೆಯನ್ನು ನಾನು ಮಾಡಹೋಗುವದಿಲ್ಲ. ನನ್ನ ಮನಸ್ಸು ಹೊಂಡದ ದಂಡೆಯ ಬುಟ್ಟಿಗಳ ಕಡೆಗೆ ಓಡುವದು. ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು ನಸುಕಿನಲ್ಲಿಯೇ ರೊಟ್ಟಿ ಬಡಿದು, ಬುಟ್ಟಿ ಹೊತ್ತು ಬಂದು, ಮಂಟಪದ ನೆರಳಿನಲ್ಲಿ ಕೂಡುವರು. ಸಜ್ಜೆಯ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಬದನೆಕಾಯಿ, ಝುಣಕ, ಶೇಂಗಾಹಿಂಡಿ, ಕೆಂಪುಖಾರ, ಪುಟ್ಟ ಮಡಕೆಗಳಲ್ಲಿ ಗಟ್ಟಿ ಮೊಸರು. ಕುಳಿತವನ ಜಾತಿಯನ್ನು ಅವರು ಕೇಳರು. ರೊಟ್ಟಿ ಸಾಕೋ ಬೇಕೋ ಎಂಬುದೊಂದನ್ನೇ ಕೇಳುವರು.

ಆ ಬುಟ್ಟಿಯವರಲ್ಲಿ ಒಬ್ಬಳು ನನ್ನ ಶಿಷ್ಯನ ತಾಯಿ. ಹುಡುಗನು ನನ್ನ ಕೈಯಲ್ಲಿ ಶಬ್ದರೂಪ ಧಾತುರೂಪಗಳನ್ನು ಕಲಿತು, ಧಾರವಾಡದಲ್ಲಿ ಸಂಸ್ಕೃತ ಎಂ.ಎ. ಮುಗಿಸಿ, 2018ರಲ್ಲಿ ವಿದ್ಯಾರ್ಥಿವೇತನ ಪಡೆದು ಹಿಬ್ರೂ ಭಾಷೆಯ ಅಭ್ಯಾಸಕ್ಕೆಂದು ಜೆರುಸಲೇಮಿಗೆ ಹೋದನು. ಮೊಬೈಲಿನಲ್ಲಿ ದಿನವೂ ಮುಖ ಕಾಣುವ ಈ ಕಾಲದಲ್ಲಿಯೂ ತಿಂಗಳಿಗೊಂದು ಪತ್ರವನ್ನು ಕೈಯಿಂದ ಬರೆಯತಕ್ಕದ್ದೆಂದು ನಾನು ಕಟ್ಟುಮಾಡಿದ್ದೆನು. 2020ನೆಯ ಇಸವಿಯ ಬನದ ಹುಣ್ಣಿಮೆಯು ಜನವರಿ 10, ಶುಕ್ರವಾರ ಬಂದಿತ್ತು. ಹೊಸದಾಗಿ ಬಂದ ಪತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಾನು ತೇರಿಗೆ ಹೋದೆನು.

ಗಿರಾಕಿಗಳು ಕಡಿಮೆಯಾದ ಹೊತ್ತು ನೋಡಿ ಆಕೆಯು ಕೇಳಿದಳು: "ರೀ ಮಾಸ್ತರ, ಓದೂದು ಬರ್ಯೂದು ಇರ್ಲಿ. ಅಲ್ಲಿ ನನ್ನ ಮಗಗ ಊಟಕ್ಕ ಯಾರು ನೀಡತಾರ್ರಿ?"

ನಾನು ಪಾಠಶಾಲೆಯಲ್ಲಿದ್ದಾಗ ವಾರಾನ್ನದ ಪದ್ಧತಿಯು ಪೂರ್ತಿಯಾಗಿ ಅಳಿದಿರಲಿಲ್ಲ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಪರವೂರಿನಲ್ಲಿ ಓದುವವನಿಗೆ ಎಲೆಯ ಮುಂದೆ ತನ್ನ ಹೆಸರು ಹಿಡಿದು ಕರೆಯುವ ಒಂದು ದನಿ ಎಷ್ಟು ಬೇಕಾಗುವದೆಂಬುದು ನನಗೆ ಗೊತ್ತು. ಅದಕ್ಕಾಗಿ ಪತ್ರವನ್ನು ಅಲ್ಲಿಯೇ ಓದಿ ಹೇಳಿದೆನು.

ಯಹೂದ್ಯರ ದಿನವು ಸೂರ್ಯಾಸ್ತಕ್ಕೆ ಆರಂಭವಾಗುವದು. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಮನೆಯ ಗೃಹಿಣಿಯು ದೀಪ ಹಚ್ಚುವಳು. ಅಲ್ಲಿಂದ ಶನಿವಾರ ರಾತ್ರಿ ನಕ್ಷತ್ರಗಳು ಕಾಣುವ ತನಕ ಶಬ್ಬಾತ್ ಎಂಬ ವಿಶ್ರಾಂತಿ. ಆ ಅವಧಿಯಲ್ಲಿ ಶ್ರದ್ಧೆಯುಳ್ಳವರು ಬೆಂಕಿ ಹೊತ್ತಿಸರು, ಬರೆಯರು, ಹಣ ಮುಟ್ಟರು. ಊರಿನ ಬಸ್ಸುಗಳೂ ಬಹುಮಟ್ಟಿಗೆ ನಿಂತುಬಿಡುವವು. ಮೇಜಿನ ಮೇಲೆ ಎರಡು ರೊಟ್ಟಿಗಳಿರುವವು, ಅವುಗಳ ಮೇಲೊಂದು ವಸ್ತ್ರ. ಅವರ ಪೂರ್ವಿಕರು ಮರುಭೂಮಿಯಲ್ಲಿ ಅಲೆಯುವಾಗ ಆಕಾಶದಿಂದ ಬಿದ್ದ ಅನ್ನವು ಶುಕ್ರವಾರ ಮಾತ್ರ ಎರಡುಪಟ್ಟು ದೊರೆಯುತ್ತಿತ್ತಂತೆ. ಎರಡು ರೊಟ್ಟಿಯು ಅದರ ನೆನಪು. ಹಬ್ಬವನ್ನು ಅವರು ಮದುಮಗಳೆಂದು, ರಾಣಿಯೆಂದು ಹಾಡಿ ಸ್ವಾಗತಿಸುವರು. ಹಾಡಿನ ಕೊನೆಗೆ ಎಲ್ಲರೂ ಬಾಗಿಲ ಕಡೆಗೆ ತಿರುಗಿ ತಲೆಬಾಗುವರು. ಹುಡುಗನ ಸಹಪಾಠಿಯೊಬ್ಬನು ಪ್ರತಿ ಶುಕ್ರವಾರ ಅವನನ್ನು ತನ್ನ ಮನೆಗೆ ಕರೆದೊಯ್ಯುವನು.

"ಬೆಂಕಿ ಹಚ್ಚೂದಿಲ್ಲಂದ್ರ ಉಣ್ಣೂದು ಹ್ಯಾಂಗ್ರಿ?" ಎಂದಳು. ಅಡಿಗೆಯನ್ನೆಲ್ಲ ಮೊದಲೇ ಮಾಡಿ ಬೆಚ್ಚಗಿಟ್ಟಿರುವರೆಂದೆನು. ಎತ್ತುಗಳಿಗೂ ಆ ದಿನ ಬಿಡುವಿರಬೇಕೆಂದು ಅವರ ಧರ್ಮಗ್ರಂಥದಲ್ಲಿ ಸ್ಪಷ್ಟವಾಗಿ ವಿಧಿಸಿದೆಯೆಂದು ಹೇಳಿದಾಗ ಆಕೆಯ ಮುಖ ಅರಳಿತು. "ನಮ್ಮ ಸೋಮವಾರ ಇದ್ದಾಂಗ ಅನ್ರಿ!" ಸೋಮವಾರ ಬಸವಣ್ಣನ ಕೊರಳಿಗೆ ನೊಗ ಹಾಕಬಾರದೆಂದು ನಡೆಯುವ ನಾಡಿನವಳಿಗೆ ಭಾಷ್ಯ ಬೇಕಾಗಲಿಲ್ಲ.

ನನಗೆ ಬೇಕಾಗಿತ್ತು. ಪತ್ರದ ಎರಡನೆಯ ಅರ್ಧವು ನನಗಾಗಿ ಬರೆದದ್ದು. ಹಿಬ್ರೂ ಲಿಪಿಯು ಬಲದಿಂದ ಎಡಕ್ಕೆ ನಡೆಯುವದು, ಅಕ್ಷರಗಳು 22, ಸ್ವರಗಳನ್ನು ಸಾಮಾನ್ಯವಾಗಿ ಬರೆಯುವದೇ ಇಲ್ಲ. ಬಹುತೇಕ ಧಾತುಗಳು ಮೂರು ವ್ಯಂಜನಗಳವು. ಶ-ಬ-ತ ಎಂದರೆ ನಿಲ್ಲುವದು, ಬಿಡುವದು, ಅದರಿಂದ ಶಬ್ಬಾತ್. ನಮ್ಮ ಧಾತುಪಾಠವನ್ನು ಬಾಯಿಪಾಠ ಮಾಡಿದವನಿಗೆ ಇದು ಕಠಿಣವೆನಿಸಲಿಲ್ಲವಂತೆ. ಅವರ ಹಳೆಯ ಗ್ರಂಥದಲ್ಲಿ ಸೊಲೊಮೋನ್ ಅರಸನ ಹಡಗುಗಳು ತಂದ 'ತುಕ್ಕೀ' ಎಂಬ ಪಕ್ಷಿಯನ್ನು ನವಿಲೆಂದು ಅರ್ಥಮಾಡುವರು. ಆ ಶಬ್ದಕ್ಕೆ ತಮಿಳಿನ 'ತೋಗೈ'ಯೇ ಮೂಲವೆಂದು ಅನೇಕ ವಿದ್ವಾಂಸರ ಮತ. ನಮ್ಮ 'ತೋಕೆ'ಯು ಅದರ ತಂಗಿ. ಸಂಸ್ಕೃತವನ್ನು ಬಿಟ್ಟು ಹೋದವನಿಗೆ ಕನ್ನಡವೇ ಎದುರಾಯಿತು!

ನನಗೆ ಹೊಟ್ಟೆಕಿಚ್ಚಾದದ್ದು ಬೇರೆ ಮಾತಿಗೆ. ಎಲಿಯೆಜರ್ ಬೆನ್ ಯೆಹೂದಾ ಎಂಬವನು 1881ರಲ್ಲಿ ಆ ದೇಶಕ್ಕೆ ಬಂದಾಗ ಹಿಬ್ರೂ ಭಾಷೆಯು ಪ್ರಾರ್ಥನೆಗೂ ಗ್ರಂಥಕ್ಕೂ ಸಲ್ಲುತ್ತಿತ್ತು. ಮನೆಯಲ್ಲಿ ಮಕ್ಕಳನ್ನು ಗದರಿಸುವ ಭಾಷೆಯಾಗಿರಲಿಲ್ಲ. ಮರುವರ್ಷ ಹುಟ್ಟಿದ ಮಗನಿಗೆ ಬೇರೆ ಮಾತು ಕಿವಿಗೆ ಬೀಳದಂತೆ ಅವನು ಬೆಳೆಸಿದನು. ಇಲ್ಲದ ಶಬ್ದಗಳನ್ನು ಕೂಡಿಸಿ ಕೋಶ ಬರೆದನು. 1922ರಲ್ಲಿ ಅವನು ತೀರಿಕೊಳ್ಳುವ ಹೊತ್ತಿಗೆ ಅದು ಆಡಳಿತಕ್ಕೂ ಒಪ್ಪಿದ ಭಾಷೆಯಾಗಿತ್ತು. ಇಂದು ಅದರಲ್ಲಿ ಕಾಯಿಪಲ್ಲೆಯ ಚೌಕಾಶಿ ನಡೆಯುವದು. ನಮ್ಮ ಮತ್ತೂರಿನ ಮಾತನ್ನು ನಾನು ಅಭಿಮಾನದಿಂದ ಹೇಳುವವನೇ. ಆದರೆ ನಾನು ಕಲಿಸಿದ ನೂರಾರು ಹುಡುಗರಲ್ಲಿ ಒಬ್ಬನಾದರೂ ಸಂಸ್ಕೃತದಲ್ಲಿ ಉಪ್ಪು ಕೇಳಿದ್ದನ್ನು ಕಾಣೆ. ಪೂಜ್ಯವೆಂದು ಅಟ್ಟದ ಮೇಲಿಟ್ಟ ಭಾಷೆಗೆ ಒಲೆಯ ಬಿಸಿ ತಾಕುವದು ಹೇಗೆ?

ಇಷ್ಟರಲ್ಲಿ ಆಕೆಯು ತನ್ನ ಮನಸ್ಸಿನಲ್ಲಿದ್ದುದನ್ನು ಹೊರಹಾಕಿದಳು. ಪರಧರ್ಮದವರ ಪಂಕ್ತಿಯಲ್ಲಿ ಕುಳಿತ ಮಗನು ಮಾಂಸಕ್ಕೆ ಬಾಯಿ ಹಾಕಿದನೋ, ನಾಳೆ ಬನಶಂಕರಿಗೆ ಬೆನ್ನು ತಿರುಗಿಸುವನೋ ಎಂಬ ಭಯ. ನಾನು ಪತ್ರದ ಕೊನೆಯ ಹಾಳೆಯನ್ನು ತೆಗೆದೆನು. ಯಹೂದ್ಯರಲ್ಲಿ ಮಾಂಸವನ್ನೂ ಹಾಲುಮೊಸರನ್ನೂ ಒಂದೇ ಊಟದಲ್ಲಿ ಬಡಿಸಬಾರದೆಂಬ ಕಟ್ಟುನಿಟ್ಟು ಇದೆ. ಈ ಹುಡುಗನು ಮಾಂಸ ತಿನ್ನನು, ಮೊಸರಿಲ್ಲದೆ ಉಣ್ಣನು. ಇದನ್ನರಿತ ಆ ಮನೆಯ ತಾಯಿಯು, ಅವನು ಬರುವ ಶುಕ್ರವಾರಗಳಲ್ಲಿ ಮನೆಮಂದಿಗೆಲ್ಲ ಮಾಂಸವನ್ನು ನಿಲ್ಲಿಸಿ, ಮೊಸರಿನ ಅಡಿಗೆಯನ್ನೇ ಮಾಡುತ್ತ ಬಂದಿದ್ದಳು.

ಮೊಸರು ಮಾರುವ ಆ ತಾಯಿಯು ಬಹಳ ಹೊತ್ತು ಸುಮ್ಮನಿದ್ದಳು. ಅತ್ತ ತೇರಿಗೆ ಜನ ಕೂಗುತ್ತಿತ್ತು. "ಈಗ ಆಕಿ ದೀಪ ಹಚ್ಚಿರ್ತಾಳೇನ್ರಿ?" ಎಂದಳು. ಅಲ್ಲಿ ಇನ್ನೂ ಮಧ್ಯಾಹ್ನ, ನಮಗಿಂತ ಮೂರೂವರೆ ತಾಸು ಹಿಂದೆ ಎಂದೆನು. "ಹಂಗಾರ ಅಡಗಿ ಮಾಡ್ಲಿಕ್ಕೆ ಹತ್ತಿರ್ತಾಳ" ಎಂದು ಸೆರಗಿನಿಂದ ಕೈ ಒರೆಸಿಕೊಂಡು ಎದ್ದು ತೇರಿಗೆ ಕೈಮುಗಿದಳು.

ಜಾತ್ರೆ ಕಳೆದ ಮೇಲೆ ಗುಳೇದಗುಡ್ಡದ ಒಂದು ಒಳ್ಳೆಯ ಖಣವನ್ನು ಕೊಂಡು, ಆ ಮನೆಯವಳಿಗೆ ಉಡಿ ತುಂಬಿದಂತೆಂದು ನನ್ನಿಂದ ಅಂಚೆಗೆ ಹಾಕಿಸಿದಳು. ಶಿವರಾತ್ರಿಯ ತರುವಾಯ ಉತ್ತರ ಬಂದಿತು. ಖಣವನ್ನು ಅವರು ಬಹಳ ಮೆಚ್ಚಿ, ಈಗ ಪ್ರತಿ ಶುಕ್ರವಾರ ಆ ಎರಡು ರೊಟ್ಟಿಗಳ ಮೇಲೆ ಅದನ್ನೇ ಹೊದಿಸುವರಂತೆ. ಇದನ್ನು ಹೊಂಡದ ದಂಡೆಯಲ್ಲಿ ಓದಿ ಹೇಳಿದಾಗ ಆಕೆಯು ರೊಟ್ಟಿಯ ಬುಟ್ಟಿಯ ಮೇಲಿನ ಅರಿವೆಯನ್ನು ಸರಿಮಾಡುತ್ತ, "ಅಯ್ಯ, ಕುಬಸ ಹೊಲಿಸಿಕೊಳ್ಳಲಿಲ್ಲೇನ್ರಿ ಆಕಿ? ಇನ್ನೊಂದು ಕಳಸಬೇಕಾತು" ಎಂದಳು.