ಮಗುವಿನ ಬೇಲಿ

ಸಂಜೆ ದೀಪ ಹಚ್ಚಿದೊಡನೆ ನನ್ನ ಮಗನು ತನ್ನ ತಾತನಿಗೆ ಭಾರತವನ್ನು ಓದಿ ಹೇಳುವುದು ನಮ್ಮ ಮನೆಯ ವಾಡಿಕೆಯಾಗಿತ್ತು. ಹುಡುಗನಿಗೆ ಆಗ ಎಂಟು ವರ್ಷ. ತಾತನವರು ತೀರಿಕೊಂಡ ಮೇಲೆ ಅವನು ಗಟ್ಟಿಯಾಗಿ ಓದುವುದನ್ನೇ ಬಿಟ್ಟನು. ಶಾಲೆಯಲ್ಲಿಯೂ ಅಷ್ಟೆ; ಎದ್ದು ನಿಲ್ಲುವನು, ಪುಸ್ತಕವನ್ನು ಹಿಡಿಯುವನು, ತುಟಿ ತೆರೆಯನು. ನಾನು ಇದನ್ನು ಹಠವೆಂದೇ ಎಣಿಸಿದೆನು. ಒಂದು ರಾತ್ರಿ, ಓದಿದ ಹೊರತು ಊಟವಿಲ್ಲವೆಂದು ಗದರಿಸಿದೆನು. ಅವನು ಉಪವಾಸವೇ ಮಲಗಿದನು.

ಆ ದಿನಗಳಲ್ಲಿ, ಸಿಗ್ಮಂಡ್ ಫ್ರಾಯ್ಡರು 1909ರಲ್ಲಿ ಪ್ರಕಟಿಸಿದ ವೃತ್ತಾಂತವೊಂದು ನನ್ನ ಕೈಗೆ ಬಂದಿತು. ವಿಯೆನ್ನಾ ನಗರದ ಐದು ವರ್ಷದ ಬಾಲಕನೊಬ್ಬನು ಕುದುರೆ ಕಚ್ಚೀತೆಂಬ ಭಯದಿಂದ ಬೀದಿಗಿಳಿಯಲೊಲ್ಲನು. ಫ್ರಾಯ್ಡರು ಅವನನ್ನು ಹಾನ್ಸನೆಂದು ಕರೆದರು. ಚಿಕಿತ್ಸೆಯನ್ನು ನಡೆಸಿದವನು ಬಹುಮಟ್ಟಿಗೆ ಹುಡುಗನ ತಂದೆಯೇ. ಮಗನ ಮಾತುಗಳನ್ನು ಬರೆದುಕೊಂಡು ಫ್ರಾಯ್ಡರಿಗೆ ತಿಳಿಸುತ್ತಿದ್ದನು. 1926ರಲ್ಲಿ ಫ್ರಾಯ್ಡರು ಇದೇ ಪ್ರಸಂಗವನ್ನು ಮತ್ತೆ ಪರಿಶೀಲಿಸಿ, ಕುದುರೆಯ ಭಯವು ರೋಗಲಕ್ಷಣ, ಬೀದಿಗೆ ಹೋಗಲಾರದಿರುವುದು ಪ್ರತಿಬಂಧ ಎಂದು ವಿಂಗಡಿಸಿದರು. ಆ ಭಯವು ತಲೆಯೆತ್ತದಿರಲೆಂದು ಮನಸ್ಸು ತನ್ನ ಸುತ್ತ ತಾನೇ ಕಟ್ಟಿಕೊಳ್ಳುವ ಬೇಲಿಯೇ ಪ್ರತಿಬಂಧ. ತಂದೆಯನ್ನು ಪ್ರೀತಿಸುವ ಮಗುವೇ ಅವನು ಇಲ್ಲವಾಗಲೆಂದು ಬಯಸಿದುದು ಭಯದ ಮೂಲವೆಂದು ಅವರ ಮತ. ಕುದುರೆಯೊಂದು ಬಿದ್ದುದನ್ನು ಹುಡುಗನು ಕಂಡು ಬೆದರಿದ್ದೇ ಸಾಕಾದ ಕಾರಣವೆಂದು 1960ರಲ್ಲಿ ವೋಲ್ಪಿ ಮತ್ತು ರಾಕ್ಮನ್ ಎಂಬ ವಿದ್ವಾಂಸರು ವಾದಿಸಿದರು. ಈ ವಿವಾದವನ್ನು ತೀರ್ಮಾನಿಸಲು ನಾನು ಯೋಗ್ಯನಲ್ಲ. ತಂದೆಯೊಬ್ಬನು ದಿನದಿನವೂ ಮಗನ ಮಾತಿಗೆ ಕಿವಿಗೊಟ್ಟನೆಂಬುದೇ ನನ್ನ ಮನಸ್ಸಿಗೆ ನಾಟಿತು.

ನಾನು ಓದಿಸುವುದನ್ನು ನಿಲ್ಲಿಸಿದೆನು. ಸಂಜೆ ಅವನ ಬಳಿ ಕುಳಿತು ತಾತನವರ ಮಾತನ್ನು ತೆಗೆಯುತ್ತಿದ್ದೆನು. ಅನೇಕ ದಿನಗಳ ಮೇಲೆ ಅವನು ಮೆಲ್ಲಗೆ ಹೇಳಿದನು: "ಈ ಓದು ಯಾವಾಗ ಮುಗಿಯುತ್ತದೋ ಅಂದುಕೊಂಡಿದ್ದೆ. ತಾತ ಸತ್ತೇಹೋದರು."

ಬಯಕೆಯಿಂದ ಯಾರೂ ಸಾಯುವುದಿಲ್ಲವೆಂದು ಹೇಳಿದೆನು. ಅವರು ನನಗೆ ಪಾಠ ಹೇಳುತ್ತಿದ್ದಾಗ ನಾನೂ ಹಾಗೆಯೇ ಬಯಸಿದ್ದುಂಟೆಂಬುದನ್ನೂ ತಿಳಿಸಿದೆನು. ಹುಡುಗನು ಬಹಳ ಹೊತ್ತು ಅತ್ತನು. ಓದು ಒಡನೆಯೇ ಮರಳಲಿಲ್ಲ; ತಿಂಗಳುಗಳ ಮೇಲೆ, ಸಣ್ಣ ದನಿಯಲ್ಲಿ ಬಂದಿತು. ಗಟ್ಟಿಯಾಗಿ ಓದೆಂದು ನಾನು ಹೇಳಲಿಲ್ಲ.

1922ರಲ್ಲಿ 19 ವರ್ಷದ ಹಾನ್ಸನು ಫ್ರಾಯ್ಡರನ್ನು ಕಾಣಲು ಬಂದನು. ತನ್ನ ವೃತ್ತಾಂತವನ್ನು ಓದಿದಾಗ ಅದು ತನ್ನದೆಂದೇ ಅವನಿಗೆ ತೋರಿರಲಿಲ್ಲವಂತೆ. ನನ್ನ ಮಗನೂ ಹಾಗೆಯೇ ಮರೆಯಲಿ. ಆ ಉಪವಾಸದ ರಾತ್ರಿಯನ್ನು ನಾನು ಮರೆಯಲಾರೆನು.