ಆಟದ ರಾತ್ರಿ ನಾನು ಮಾಡಿದ ತಪ್ಪು



ಈ ಸಲದ ಗೋಡೆ ಪತ್ರಿಕೆಗೆ 'ಮರೆಯಲಾಗದ ಘಟನೆ' ಬರೆದುಕೊಡಿ ಎಂದು ಕನ್ನಡ ಮಾಸ್ತರು ಹೇಳಿದರು. ಎಲ್ಲರೂ ಪ್ರವಾಸದ ವಿಷಯ ಬರೆಯುತ್ತಾರೆ. ನಾನು ಹೋದದ್ದು ದೂರದ ಊರಿಗಲ್ಲ, ಮಂಕಿ ಹತ್ತಿರದ ಒಂದು ಗದ್ದೆಗೆ. ಅಲ್ಲಿ ಕಳೆದದ್ದು ಒಂದೇ ರಾತ್ರಿ. ಆದರೂ ಅದನ್ನೇ ಬರೆಯಬೇಕೆನಿಸಿತು, ಯಾಕೆಂದರೆ ಆ ರಾತ್ರಿಯ ಒಂದು ಸತ್ಯವನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ, ನಮ್ಮ ಅಣ್ಣ, ರಜೆಗೆ ಮನೆಗೆ ಬಂದಿದ್ದ. ಅವನಿಗೆ ರಾಕ್ ಸಂಗೀತದ ಹುಚ್ಚು. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡದವರ ಕಾರ್ಯಕ್ರಮ ಆಗಿತ್ತಂತೆ. ಆಗ ಕಾಲೇಜಿಗೆ ಹೋಗುತ್ತಿದ್ದ ಅಣ್ಣ ದುಡ್ಡು ಕೂಡಿಸಿ ಟಿಕೇಟು ತಗೊಂಡು ಹೋಗಿದ್ದನಂತೆ. "ಡ್ರಮ್ ಬಡಿದರೆ ಎದೆಯೊಳಗೆ ಗುದ್ದಿದ ಹಾಗೆ ಆಗ್ತದೆ ಮಾರಾಯ. ನಿಮ್ಮ ಆಟದ ಹಾಗೆ ಕೂತವರು ತೂಕಡಿಸೋದಲ್ಲ" ಎಂದು ಮೊಬೈಲಿನಲ್ಲಿ ತೋರಿಸಿದ. ಜನ ಕೈ ಎತ್ತಿ ಕುಣಿಯುತ್ತಿದ್ದರು. ನನಗೂ ಅದು ಭಾರೀ ಅನಿಸಿತು.

ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜ ನಕ್ಕು, "ನಮ್ಮ ಚಂಡೆ ಎಲ್ಲಿಗೆ ಗುದ್ತದೆ ಅಂತ ಶನಿವಾರ ಬಂದು ಕಾಣಿ" ಅಂದರು. ಅಣ್ಣ ಶುಕ್ರವಾರವೇ ಬಸ್ಸು ಹತ್ತಿದ. ಅಜ್ಜನ ಜೊತೆಗೆ ಹೋಗಲು ಉಳಿದವನು ನಾನೊಬ್ಬ.

ಅಮ್ಮನಿಗೆ ಮನಸ್ಸಿರಲಿಲ್ಲ. ಅಜ್ಜನ ಕಣ್ಣಿಗೆ ಪೊರೆ ಬಂದಿದೆ, ರಾತ್ರಿ ಸರಿಯಾಗಿ ಕಾಣುವುದಿಲ್ಲ. ಕೊನೆಗೆ ನನ್ನ ಕೈಗೆ ಬ್ಯಾಟರಿ ಕೊಟ್ಟು, "ನೀ ನಿದ್ದೆ ಮಾಡಬಾರದು. ಅಜ್ಜನ್ನ ಒಬ್ರನ್ನೇ ಬಿಡಬಾರದು. ಆಯ್ತಾ?" ಎಂದು ಎರಡೆರಡು ಸಲ ಹೇಳಿಸಿಕೊಂಡರು. "ಆಯ್ತು" ಎಂದೆ.

ನಾವು ಹೊರಟಾಗಲೇ ಕೇಳಿ ಹೊಡೆಯುವುದು ಕೇಳಿಸುತ್ತಿತ್ತು. ಇವತ್ತು ಆಟ ಉಂಟು ಎಂದು ಊರಿಗೆ ತಿಳಿಸಲು ಮೊದಲೇ ಚಂಡೆ ಬಾರಿಸುವುದಕ್ಕೆ ಹಾಗೆ ಹೇಳುತ್ತಾರೆ. ಅಜ್ಜನ ಕಾಲು ತಾನಾಗಿಯೇ ಬೇಗ ಬೇಗ ನಡೆಯತೊಡಗಿತು. ದಾರಿಯುದ್ದಕ್ಕೂ ಹಳೆಯ ಕಥೆ. ಆಗೆಲ್ಲ ಸೂಡಿ ಹಿಡಿದುಕೊಂಡು ಗದ್ದೆ ಅಂಚಿನ ಮೇಲೆ ಮೈಲಿಗಟ್ಟಲೆ ನಡೆಯುತ್ತಿದ್ದರಂತೆ. ಭಟ್ಕಳದಿಂದ ಕುಮಟಾದವರೆಗೆ ಎಲ್ಲಿ ಆಟ ಇದ್ದರೂ ಸುದ್ದಿ ಬರುತ್ತಿತ್ತಂತೆ. ನಮ್ಮ ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದವರು. ಅವರ ಮಗ ಶಂಭು ಹೆಗಡೆಯವರ ಪಾತ್ರ ಎಂದರೆ ಅಜ್ಜನಿಗೆ ಪ್ರಾಣ. ಅವರು 2009ರ ಫೆಬ್ರವರಿಯಲ್ಲಿ ಇಡಗುಂಜಿಯಲ್ಲಿ ವೇಷ ಹಾಕಿ ರಂಗದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಅದನ್ನು ಹೇಳುವಾಗ ಅಜ್ಜ ಸ್ವಲ್ಪ ಹೊತ್ತು ಸುಮ್ಮನಾದರು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಹೊನ್ನಾವರದವರೇ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2017ರಲ್ಲಿ ಅವರೂ ಹೋದರು. "ಅವರ ಕೀಚಕನ್ನ ನೀ ಕಾಣಬೇಕಿತ್ತು ತಮಾ" ಎಂದು ಅಜ್ಜ ಕತ್ತಲೆಯಲ್ಲೇ ಕುತ್ತಿಗೆ ಕುಣಿಸಿ ತೋರಿಸಿದರು. ನನಗೆ ನಗು ಬಂತು.

ಗದ್ದೆಯಲ್ಲಿ ಕೊಯ್ಲು ಮುಗಿದಿತ್ತು. ಚುರುಮುರಿ, ಶೇಂಗಾ, ಬಜೆ, ಚಾ ಅಂಗಡಿಗಳು ಸಾಲಾಗಿ ಇದ್ದವು. ಈಗ ಹೆಚ್ಚಿನ ಕಡೆ ಮೂರು ನಾಲ್ಕು ತಾಸಿನ ಕಾಲಮಿತಿ ಆಟ. ಆದರೆ ಇದು ಹರಕೆಯದ್ದು, ಬೆಳಗಿನವರೆಗೆ ನಡೆಯುವಂಥದ್ದು. ನಾವು ಚಾಪೆ ಹಾಸಿ ಕುಳಿತೆವು. ಮೊದಲು ಬಾಲಗೋಪಾಲ, ಸ್ತ್ರೀವೇಷ, ಆಮೇಲೆ ಒಡ್ಡೋಲಗ. ಭಾಗವತರು ತಾಳ ಹಿಡಿದು ಪದ್ಯ ಎತ್ತಿದಾಗ ಮದ್ದಲೆ ಮೆತ್ತಗೆ ನುಡಿಯಿತು. ಕೌರವ ಪರದೆ ಸರಿಸಿ ಹಾರಿ ಬಂದಾಗ ಚಂಡೆ ಬಿತ್ತು ನೋಡಿ! ಸುಳ್ಳಲ್ಲ, ನನ್ನ ಪಕ್ಕೆಲುಬೇ ನಡುಗಿತು. ಅಣ್ಣ ಹೇಳಿದ ಗುದ್ದು ಇದೇ ಇರಬೇಕು. ಇಲ್ಲಿ ಯಾರೂ ಕೈ ಎತ್ತಿ ಕುಣಿಯಲಿಲ್ಲ, ಆದರೆ ಚಾ ಅಂಗಡಿಯವನೂ ಸೌಟು ಹಿಡಿದುಕೊಂಡೇ ಹೊರಗೆ ಬಂದು ನಿಂತಿದ್ದ.

ಪ್ರಸಂಗ ಗದಾಯುದ್ಧ. ಹನ್ನೆರಡರವರೆಗೆ ಕಣ್ಣು ಬಿಟ್ಟುಕೊಂಡೇ ಇದ್ದೆ. ಒಂದಕ್ಕೆ ಎದ್ದು ಮುಖಕ್ಕೆ ನೀರು ಹಾಕಿಕೊಂಡೆ. ಎರಡು ಗಂಟೆ ಆದದ್ದು ನೆನಪಿದೆ. ಆಮೇಲಿನದು ನೆನಪಿಲ್ಲ.

ಎಚ್ಚರವಾದಾಗ ನನ್ನ ಮೈಮೇಲೆ ಅಜ್ಜನ ಕಂಬಳಿ ಇತ್ತು, ಪಕ್ಕದಲ್ಲಿ ಅಜ್ಜ ಇರಲಿಲ್ಲ.

ನಿದ್ದೆ ಒಂದೇ ಸಲಕ್ಕೆ ಹಾರಿಹೋಯಿತು. ಗದ್ದೆಯ ಆಚೆ ಬದಿಗೆ ಕಟ್ಟೆ ಇಲ್ಲದ ಬಾವಿ ಇರುವುದು ನನಗೆ ಗೊತ್ತಿತ್ತು. ಬ್ಯಾಟರಿ ಹಿಡಿದು ಮೊದಲು ಅಲ್ಲಿಗೇ ಓಡಿದೆ. ಬಾವಿಯೊಳಗೆ ಬೆಳಕು ಬಿಟ್ಟು ನೋಡುವಾಗ ನನ್ನ ಕೈ ನಡುಗುತ್ತಿತ್ತು. ಬರೀ ನೀರು. ಚಾ ಅಂಗಡಿಯಲ್ಲಿ ಕೇಳಿದೆ, ಇಲ್ಲ. ಚೌಕಿಯಲ್ಲಿ ಇಣುಕಿದೆ. ಬಣ್ಣ ತೆಗೆಯುತ್ತಿದ್ದ ವೇಷಧಾರಿಯೊಬ್ಬರು "ಎಂತ ತಮಾ?" ಎಂದರು. ನನಗೆ ಸ್ವರವೇ ಹೊರಡಲಿಲ್ಲ. ಅತ್ತ ರಂಗಸ್ಥಳದಲ್ಲಿ ಭೀಮ, ಸರೋವರದಲ್ಲಿ ಅಡಗಿದ ಕೌರವನನ್ನು ಹೊರಗೆ ಬಾ ಎಂದು ಕರೆಯುತ್ತಿದ್ದ. ಇತ್ತ ನಾನು ಅಜ್ಜನನ್ನು ಹುಡುಕುತ್ತಿದ್ದೆ. ಈಗ ನೆನೆಸಿದರೆ ನಗು ಬರುತ್ತದೆ, ಆಗ ಅಳು ಬಂದಿತ್ತು.

ಕೊನೆಗೆ ಕಂಡರು. ರಂಗಸ್ಥಳದ ಬದಿಗೆ, ಚಂಡೆಯವರ ಹಿಂದೆ, ಕಂಬಕ್ಕೆ ಒರಗಿ ಕೂತಿದ್ದರು. ಕಣ್ಣು ಮುಚ್ಚಿತ್ತು. ಬೆರಳು ಮಾತ್ರ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ನಾನು ಹೋಗಿ ಅಂಗಿ ಹಿಡಿದುಕೊಂಡು ಅತ್ತುಬಿಟ್ಟೆ.

"ಎಂತದಾ? ಹೆದರಿದ್ಯಾ?" ಎಂದು ನನ್ನನ್ನು ಪಕ್ಕಕ್ಕೆ ಎಳೆದುಕೊಂಡರು. "ಅಲ್ಲಿಂದ ನಂಗೆ ವೇಷ ಕಾಣುದಿಲ್ಲ ತಮಾ. ಬರೇ ಬೆಳಕು ಹಂದಾಡಿದ ಹಾಗೆ ಕಾಣ್ತದೆ. ಇಲ್ಲಿ ಕೂತ್ರೆ ಚಂಡೆ ಪೆಟ್ಟಿನ ಮೇಲೆ ಯಾರು ಬಂದ್ರು, ಯಾರು ಹೋದ್ರು ಎಲ್ಲಾ ಗೊತ್ತಾಗ್ತದೆ. ನೀ ಚಂದ ನಿದ್ದೆ ಮಾಡ್ತಿದ್ದೆ, ಎಬ್ಬಿಸೂಕೆ ಮನಸ್ಸಾಗಲಿಲ್ಲ."

ಅಜ್ಜನಿಗೆ ಇಷ್ಟು ಕಡಿಮೆ ಕಾಣುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರೂ ಹೇಳಿರಲಿಲ್ಲ. ಆಮೇಲೆ ಮಂಗಳದವರೆಗೆ ನಾನು ಕಣ್ಣು ಮುಚ್ಚಲಿಲ್ಲ. ಕೃಷ್ಣ ತೊಡೆ ತಟ್ಟಿ ಭೀಮನಿಗೆ ಸನ್ನೆ ಮಾಡಿದ್ದನ್ನು, ಕೌರವ ಬಿದ್ದದ್ದನ್ನು ಒಂದೊಂದಾಗಿ ಅಜ್ಜನ ಕಿವಿಯಲ್ಲಿ ಹೇಳಿದೆ. ಅವರಿಗೆ ಎಲ್ಲ ಮೊದಲೇ ಗೊತ್ತಿತ್ತು. ಆದರೂ "ಹೌದಾ? ಮತ್ತೆ?" ಎನ್ನುತ್ತಾ ಕೇಳಿದರು.

ಬೆಳಿಗ್ಗೆ ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದರು. "ಇವ ನಿದ್ದೆ ಮಾಡಿದ್ನಾ?" ಎಂದು ಕೇಳಿದರು. "ಇಲ್ಲಪ್ಪ, ಕಣ್ಣೇ ಮುಚ್ಚಲಿಲ್ಲ" ಎಂದು ಅಜ್ಜ ಹೇಳಿ ಕಾಲು ತೊಳೆಯಲು ಹೋದರು. ನಾನು ತಲೆ ತಗ್ಗಿಸಿ ನಿಂತೆ. ಆದರೆ ಅಜ್ಜನ ಕಣ್ಣಿನ ವಿಷಯ ಮಾತ್ರ ಆ ದಿನವೇ ಅಪ್ಪನಿಗೆ ಹೇಳಿದೆ. ಈಗ ಒಂದು ಕಣ್ಣಿನ ಆಪರೇಶನ್ ಆಗಿದೆ, ಇನ್ನೊಂದು ಮಳೆಗಾಲದ ಮೊದಲು ಆಗಬೇಕು. ಮುಂದಿನ ಆಟಕ್ಕೆ ಚಾಪೆಯಲ್ಲೇ ಕೂತು ನೋಡುತ್ತೇನೆ ಎಂದು ಅಜ್ಜ ಹೇಳಿದ್ದಾರೆ. ಅಣ್ಣನಿಗೂ ಫೋನು ಮಾಡಿ ಬಾ ಎಂದಿದ್ದೇನೆ.

ಅಜ್ಜ ನನಗಾಗಿ ಹೇಳಿದ ಸುಳ್ಳು ಇನ್ನೂ ಹಾಗೆಯೇ ಇದೆ. ಅದಕ್ಕೇ ನಿಜ ಸಂಗತಿಯನ್ನು ಇಲ್ಲಿ ಬರೆದು ಅಂಟಿಸಿದ್ದೇನೆ. ಬರುವ ಶನಿವಾರ ಪಾಲಕರ ಸಭೆಗೆ ಅಮ್ಮ ಶಾಲೆಗೆ ಬರುತ್ತಾರೆ. ಅಷ್ಟರವರೆಗೆ ಈ ಹಾಳೆಯನ್ನು ತೆಗೆಯಬೇಡಿ ಎಂದು ಮಾಸ್ತರಲ್ಲೂ ಅಕ್ಕೋರಲ್ಲೂ ಕೇಳಿಕೊಳ್ಳುತ್ತೇನೆ.

— 9ನೇ ತರಗತಿಯ ಒಬ್ಬ ವಿದ್ಯಾರ್ಥಿ